ಹವ್ಯಾಸಕ್ಕೊಂದು ಜಾಗ: ಬೀರುವೇ, ತಾರಸಿಯೇ, ಕಾರು ಶೆಡ್ಡೇ?

ಬಿಚ್ಚಿದ ರೇಡಿಯೋ ಊಟದ ಮೇಜಿನ ಮೇಲಿದ್ದರೆ ರಾತ್ರಿ ಎಂಟೂವರೆಗೆ ಅದನ್ನು ಎತ್ತಲೇಬೇಕು. ಮದುವೆಯಾದ ಮೊದಲ ಆರು ವರ್ಷ ನಾನು ದಿನವೂ ಎತ್ತಿದ್ದೇನೆ. “ರೀ, ತಟ್ಟೆ ಇಡಲೇ, ಇನ್ನೂ ಐದು ನಿಮಿಷ ಬೇಕೇ?” ಎಂದು ಹೆಂಡತಿ ಕೇಳುತ್ತಿದ್ದಳು. ಆ ಮಾತಿನಲ್ಲಿ ಸಿಟ್ಟಿರುತ್ತಿರಲಿಲ್ಲ. ಆದರೆ ಎತ್ತಿಟ್ಟ ಕೆಲಸ ಮರುದಿನ ಅದೇ ಸ್ಥಿತಿಯಲ್ಲಿ ಸಿಗುವುದಿಲ್ಲ. ಸ್ಕ್ರೂಗಳೆಲ್ಲ ಒಂದೇ ಬಟ್ಟಲಿಗೆ ಬೀಳುತ್ತವೆ, ಯಾವ ತಂತಿ ಎಲ್ಲಿಂದ ಬಂದಿತ್ತು ಎಂಬುದು ಮರೆತುಹೋಗುತ್ತದೆ, ಮತ್ತೆ ಹರಡಿಕೊಳ್ಳುವುದಕ್ಕೇ ಅರ್ಧ ಗಂಟೆ ಬೇಕಾಗುತ್ತದೆ. ಹೀಗೆ ಅರ್ಧಕ್ಕೆ ನಿಂತ ಮೂರು ರೇಡಿಯೋಗಳು ಕೊನೆಗೆ ಅಟ್ಟ ಸೇರಿದವು.

ಅಂದಿನಿಂದ ಯಾರೇ ಜಾಗದ ವಿಚಾರ ಕೇಳಲಿ, ನಾನು ಮೊದಲು ಹೇಳುವುದು ಇಷ್ಟೇ: ಮುಗಿಯದ ಕೆಲಸ ರಾತ್ರಿಯಿಡೀ ಯಾರ ಕೈಯೂ ತಾಗದೆ ಇದ್ದಲ್ಲೇ ಇರುವಂತಿರಬೇಕು. ಆರಾಮ ಕುರ್ಚಿ, ಗೋಡೆಯ ಬಣ್ಣ, ಸಾಲು ದೀಪ ಎಲ್ಲ ಆಮೇಲೆ. ಆರಡಿಗೆ ನಾಲ್ಕಡಿಯ ಜಾಗ ಈ ಒಂದು ಷರತ್ತನ್ನು ಪೂರೈಸಿದರೆ ಸಾಕು. ಪೂರೈಸದ ದೊಡ್ಡ ಕೋಣೆಗಿಂತ ಅದೇ ಮೇಲು.

ಹಿಂದಿನ ಮನೆಗಳಲ್ಲಿ ಗಂಡಸರಿಗೆ ಜಗಲಿ ಇತ್ತು. ಹಗ್ಗ ಹೊಸೆಯುವುದು, ಕತ್ತಿಗೆ ಹಿಡಿ ಹಾಕುವುದು, ಹರಿದ ಛತ್ರಿಗೆ ಹೊಲಿಗೆ ಹಾಕುವುದು, ಎಲೆ ಅಡಿಕೆ ಮೆಲ್ಲುತ್ತ ಸುಮ್ಮನೆ ಕೂರುವುದು ಎಲ್ಲವೂ ಅಲ್ಲೇ. ಅರ್ಧ ಹೊಸೆದ ಹಗ್ಗ ಕಂಬಕ್ಕೆ ಸುತ್ತಿಕೊಂಡು ವಾರವಿಡೀ ಇರುತ್ತಿತ್ತು. ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟಿದ ಇಂದಿನ ಮನೆಗಳಲ್ಲಿ ಆ ಜಗಲಿಯ ಜಾಗವನ್ನು ಕಾರು ಹಿಡಿದಿದೆ. ಅದಕ್ಕೇ ಈಗ ಹುಡುಕಬೇಕಾಗಿದೆ.

ಮನೆಯ ಒಂದು ಮೂಲೆಯಿಂದ ಎಂಥದ್ದು ಹುಟ್ಟಬಹುದು ಎಂಬುದಕ್ಕೆ ನಮ್ಮ ಮೈಸೂರಿನಲ್ಲೇ ಉದಾಹರಣೆಯಿದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ರೇಡಿಯೋ ಪ್ರಸಾರ ಆರಂಭಿಸಿದ್ದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ. ಅದರ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋ ಅದೇ ಹೆಸರನ್ನು ಪಡೆಯಿತು. ಹಳೆಯ ರೇಡಿಯೋಗಳನ್ನು ರಿಪೇರಿ ಮಾಡುವ ನನಗೆ ಆ ಬೀದಿಯಲ್ಲಿ ನಡೆಯುವುದೆಂದರೆ ಈಗಲೂ ಒಂದು ಬಗೆಯ ಭಕ್ತಿ.

ಮೊದಲು ಹವ್ಯಾಸವನ್ನು ಅಳೆಯಿರಿ

ಜಾಗ ನೋಡುವ ಮುಂಚೆ ನಿಮ್ಮ ಹವ್ಯಾಸದ ಧೂಳು, ಸದ್ದು, ವಾಸನೆ, ತೂಕ ಇವನ್ನು ನೋಡಿ. ಅಂಚೆಚೀಟಿ ಸಂಗ್ರಹ, ಓದು, ಚಿತ್ರ ಬಿಡಿಸುವುದಕ್ಕೆ ಇವುಗಳಲ್ಲಿ ಯಾವ ತೊಡಕೂ ಇಲ್ಲ. ಅವಕ್ಕೆ ಬೇಕಾದ್ದು ಬೆಳಕು ಮಾತ್ರ. ಮರಗೆಲಸ ನಾಲ್ಕನ್ನೂ ತರುತ್ತದೆ. ಮರದ ಹುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಹಾಗಾಗಿ ಮಲಗುವ ಕೋಣೆಯಲ್ಲಿ ಮರಳುಕಾಗದ ಉಜ್ಜುವುದು ಬೇಡವೇ ಬೇಡ. ರೇಡಿಯೋ ಕೆಲಸಕ್ಕೆ ಧೂಳಿಲ್ಲ, ಆದರೆ ಬೆಸುಗೆಯ ಹೊಗೆ ಇದೆ. ಆ ಹೊಗೆ ಬರುವುದು ಮುಖ್ಯವಾಗಿ ಬೆಸುಗೆ ತಂತಿಯೊಳಗಿನ ರಾಳದಿಂದ. ದಿನವೂ ಉಸಿರಾಡಿದರೆ ಉಬ್ಬಸ ಹತ್ತಬಹುದು. ಕಿಟಕಿ ಪಕ್ಕದಲ್ಲೇ ಕುಳಿತು ಪುಟ್ಟ ಫ್ಯಾನಿನಿಂದ ಹೊಗೆಯನ್ನು ಹೊರಕ್ಕೆ ತಳ್ಳಬೇಕು. ಸಾಮಾನ್ಯ ಬೆಸುಗೆ ತಂತಿಯಲ್ಲಿ ಸೀಸವಿರುವುದರಿಂದ ಕೈ ತೊಳೆಯದೆ ತಿಂಡಿ ಮುಟ್ಟಬಾರದು.

ತೂಕದ ವಿಷಯವನ್ನು ಜನ ಹೆಚ್ಚಾಗಿ ಮರೆಯುತ್ತಾರೆ. ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ, ಜನ ಹತ್ತಿ ಓಡಾಡುವ ತಾರಸಿಗೆ ಸುಮಾರು 150 ಕಿಲೋ ಹೊರೆಯನ್ನು ಲೆಕ್ಕ ಹಿಡಿದು ಕಟ್ಟಡ ವಿನ್ಯಾಸ ಮಾಡಬೇಕೆಂದು ಭಾರತೀಯ ಮಾನಕ 875 ಹೇಳುತ್ತದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಮೀನಿನ ತೊಟ್ಟಿಯಲ್ಲಿ ನೀರೇ 190 ಕಿಲೋ ತೂಗುತ್ತದೆ, ಅದೂ ಅರ್ಧ ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿ. ಅದರ ಮೇಲೆ ಗಾಜು, ಕಲ್ಲು, ಸ್ಟ್ಯಾಂಡು. ಒಂದು ತೊಟ್ಟಿಗೆ ಮನೆ ಬೀಳುವುದಿಲ್ಲ. ಆದರೆ ಅದು ಗೋಡೆಯ ಪಕ್ಕ ಅಥವಾ ತೊಲೆಯ ಮೇಲೆ ಕೂರಬೇಕು, ಕೋಣೆಯ ನಟ್ಟನಡುವೆ ಅಲ್ಲ. ಪುಸ್ತಕದ ಕಪಾಟಿಗೂ ಇದೇ ಮಾತು.

ಮುಚ್ಚುವ ಬೀರು

ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಬಾಗಿಲು ತೆರೆದರೆ ಒಂದು ಹಲಗೆ ಮಡಚಿ ಇಳಿದು ಮೇಜಾಗುವಂಥ ಬೀರು. ಹಲಗೆಯ ಹಿಂದೆ ಹತ್ಯಾರಗಳಿಗೆ ಮೊಳೆ, ಮೇಲೆ ಒಂದು ದೀಪ, ಕೆಳಗೆ ಡಬ್ಬಿಗಳು. ಇಲ್ಲಿ ಮಾಡಿಸುವಾಗ ಒಂದು ಸೂಕ್ಷ್ಮವಿದೆ: ಹಲಗೆ ಮಡಚಿದಾಗ ಅದರ ಹಿಂದೆ ಕನಿಷ್ಠ ಒಂಬತ್ತು ಇಂಚಿನ ಆಳ ಉಳಿಯಬೇಕು. ಆಗ ಕೆಲಸವನ್ನು ಒಂದು ತಟ್ಟೆಯಲ್ಲಿಟ್ಟು, ತಟ್ಟೆ ಸಮೇತ ಒಳಗೆ ಸರಿಸಿ ಬೀಗ ಹಾಕಬಹುದು. ಮರುದಿನ ತಟ್ಟೆ ಎಳೆದರೆ ಎಲ್ಲ ಹಾಗೇ ಇರುತ್ತದೆ. ಆಳ ಕಡಿಮೆ ಮಾಡಿದರೆ ಮತ್ತೆ ಊಟದ ಮೇಜಿನ ಕಥೆಯೇ.

ಬೀಗ ಏಕೆಂದರೆ, ಗಾಜಿನ ವಾಲ್ವ್‌ಗಳಿರುವ ಹಳೆಯ ರೇಡಿಯೋಗಳ ಒಳಗೆ ನೂರಾರು ವೋಲ್ಟ್ ಓಡುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಮಕ್ಕಳಿರುವ ಮನೆಯಲ್ಲಿ ಈ ವಿಷಯದಲ್ಲಿ ರಿಯಾಯಿತಿ ಇರಬಾರದು.

ಬಾಲ್ಕನಿ

ಗಿಡ, ಹಕ್ಕಿ ನೋಡುವುದು, ರೇಖಾಚಿತ್ರ ಇವಕ್ಕೆ ಬಾಲ್ಕನಿ ಚೆನ್ನ. ಹತ್ಯಾರಕ್ಕೆ ಬೇಡ. ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ನಾನು ಎರಡು ಮಳೆಗಾಲ ಕಳೆದೆ. ಜೂನ್‌ನ ಎರಚಲು ಪ್ಲಾಸ್ಟಿಕ್ ಹೊದಿಕೆಯ ಅಡಿಗೂ ನುಗ್ಗಿ ಉಳಿಗಳಿಗೆ ತುಕ್ಕು ಹಿಡಿಸಿತು. ಬೇಸಿಗೆಯಲ್ಲಿ ಪಾರಿವಾಳಗಳ ಕಾಟ. ಬಲೆ ಕಟ್ಟಿಸಿ, ಗಾಜು ಹಾಕಿಸಿ ಮುಚ್ಚಬಹುದು. ಅಪಾರ್ಟ್‌ಮೆಂಟಾದರೆ ಮೊದಲು ಸಂಘದವರ ಒಪ್ಪಿಗೆ ಬೇಕು. ಮುಚ್ಚಿದ ಮೇಲೆ ಮನೆಯೊಳಗಿನ ಗಾಳಿಗೆ ಏನಾಗುತ್ತದೆ ಎಂಬುದನ್ನೂ ಯೋಚಿಸಿ.

ಮಕ್ಕಳು ಬಿಟ್ಟುಹೋದ ಕೋಣೆ

ಮಗಳು ಓದಲು ಹೊರಟ ಮೇಲೆ ಆ ಕೋಣೆ ಖಾಲಿ ಎಂದು ಅನೇಕರಿಗೆ ಅನ್ನಿಸುತ್ತದೆ. ನನಗೂ ಅನ್ನಿಸಿತು. ಆದರೆ ಅವಳು ರಜೆಗೆ ಬಂದಾಗ ತನ್ನ ಮಂಚದ ಮೇಲೆ ಅಪ್ಪನ ಗರಗಸ ಕಂಡರೆ ಅವಳ ಮನಸ್ಸಿಗೆ ಹೇಗಾಗುತ್ತದೆ? ಕೇಳಿಯೇ ತೆಗೆದುಕೊಳ್ಳಿ, ಮತ್ತು ಮಂಚವನ್ನು ಎತ್ತಬೇಡಿ. ಓದು, ಸಂಗೀತ, ಚಿತ್ರಕಲೆ, ಕೇರಂ ಇಂಥವಕ್ಕೆ ಈ ಕೋಣೆ ಸೊಗಸಾಗಿ ಒದಗುತ್ತದೆ. ಧೂಳಿನ ಕೆಲಸಕ್ಕೆ ಒದಗುವುದಿಲ್ಲ, ಏಕೆಂದರೆ ಹುಡಿ ಬಾಗಿಲ ಸಂದಿನಿಂದ ಹಾಸಿಗೆ, ಬಟ್ಟೆ, ಅಡುಗೆಮನೆಯವರೆಗೂ ತಲುಪುತ್ತದೆ.

ಚಿತ್ರ ಬರೆಯುವವರು ಉತ್ತರದ ಕಿಟಕಿ ಹುಡುಕುತ್ತಾರೆ, ಅಲ್ಲಿಂದ ಬರುವ ಬೆಳಕು ದಿನವಿಡೀ ಒಂದೇ ಹದದಲ್ಲಿರುತ್ತದೆ ಎಂದು. ನಮ್ಮ ಕಡೆ ಇದು ವರ್ಷವಿಡೀ ನಿಜವಲ್ಲ. ಬೆಂಗಳೂರು, ಮೈಸೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ನಡುಹಗಲಿನಲ್ಲೂ ನೆತ್ತಿಯ ಉತ್ತರಕ್ಕೇ ಇರುತ್ತಾನೆ. ಬೆಳಿಗ್ಗೆ ಸಂಜೆ ಉತ್ತರದ ಕಿಟಕಿಯಿಂದಲೇ ಬಿಸಿಲು ಒಳಬರುತ್ತದೆ. ತೆಳು ಬಿಳಿ ಪರದೆಯೊಂದು ಇರಲಿ.

ಮೃದಂಗ, ಡ್ರಮ್ಸ್, ಸ್ಯಾಕ್ಸೊಫೋನ್ ಅಭ್ಯಾಸಕ್ಕೆ ಈ ಕೋಣೆ ಆರಿಸುವವರಿಗೆ ಒಂದು ಮಾತು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ಹೊರಗೆ ಹೋಗುವುದಿಲ್ಲ ಎಂಬುದು ಸುಳ್ಳು. ಅದು ಒಳಗಿನ ಪ್ರತಿಧ್ವನಿಯನ್ನು ತುಸು ಕಡಿಮೆ ಮಾಡೀತು ಅಷ್ಟೇ, ಜೊತೆಗೆ ಬೆಂಕಿಗೆ ಸುಲಭದ ತುತ್ತು. ಸದ್ದನ್ನು ತಡೆಯುವುದು ತೂಕ ಮತ್ತು ಸಂದಿಲ್ಲದಿರುವುದು. ಟೊಳ್ಳು ಬಾಗಿಲನ್ನು ಗಟ್ಟಿ ಮರದ್ದಕ್ಕೆ ಬದಲಿಸಿ, ಸುತ್ತ ರಬ್ಬರ್ ಪಟ್ಟಿ ಹಾಕಿ, ಕೆಳಗಿನ ಸಂದು ಮುಚ್ಚಿ. ಹೂಡಿದ ಹಣಕ್ಕೆ ಇಷ್ಟು ಫಲ ಕೊಡುವುದು ಬೇರೆ ಇಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಎಂಬುದು ಶಬ್ದಮಾಲಿನ್ಯ ನಿಯಮಗಳ ಮಿತಿ. ಪಕ್ಕದ ಮನೆಯಲ್ಲಿ ಹಸುಗೂಸಿದ್ದರೆ ಆ ಮಿತಿಗೂ ಕಾಯಬೇಡಿ, ಅವರನ್ನೇ ಹೋಗಿ ಕೇಳಿ.

ತಾರಸಿಯ ಕೋಣೆ

ಹೆಚ್ಚಿನವರ ಆಸೆ ಇದು. ನಾನೂ ಮೈಸೂರಿನ ಮನೆಯಲ್ಲಿ ಐದು ವರ್ಷ ತಾರಸಿಯ ಕೋಣೆಯಲ್ಲಿ ಕೆಲಸ ಮಾಡಿದೆ. ಆ ಏಕಾಂತಕ್ಕೆ ಸಾಟಿಯಿಲ್ಲ. ಮಳೆ ಹಿಡಿದ ಭಾನುವಾರ, ಕೆಳಗೆ ಟಿವಿ ಓಡುತ್ತಿರುವಾಗ, ಮೇಲೆ ಒಂದು ಹಳೆಯ ಸೆಟ್ಟಿನಿಂದ ಮೊದಲ ಸಲ ದನಿ ಹೊಮ್ಮಿದ ಗಳಿಗೆಯನ್ನು ನಾನು ಮರೆಯಲಾರೆ. ಹವ್ಯಾಸಿ ರೇಡಿಯೋ (ಹ್ಯಾಮ್) ನಡೆಸಿ ದೂರದವರೊಡನೆ ಮಾತಾಡುವವರಿಗಂತೂ ತಾರಸಿಯೇ ಸರಿ. 40 ಮೀಟರ್ ಅಲೆಯುದ್ದದ ಬ್ಯಾಂಡಿಗೆ, ಅಲೆಯ ಅರ್ಧದಷ್ಟು ಉದ್ದದ ಡೈಪೋಲ್ ಆಂಟೆನಾ ಕಟ್ಟಲು ಸುಮಾರು 20 ಮೀಟರ್ ತಂತಿ ಬೇಕು. ಆಂಟೆನಾದ ಹತ್ತಿರವೇ ಕುಳಿತರೆ ಕೇಬಲ್ ಉಳಿಯುತ್ತದೆ. ಹವ್ಯಾಸಿ ರೇಡಿಯೋ ನಡೆಸಲು ಪರೀಕ್ಷೆ ಪಾಸಾಗಿ ಕೇಂದ್ರ ಸರ್ಕಾರದ ಪರವಾನಗಿ ಪಡೆದಿರಬೇಕು. ಗುಡುಗು ಶುರುವಾದೊಡನೆ ಆಂಟೆನಾದ ತಂತಿ ಕಳಚಿಡುವುದು ಅಭ್ಯಾಸವಾಗಬೇಕು.

ಆದರೆ ಬಿಸಿಲು. ಮಾರ್ಚ್‌ನಿಂದ ಮೇವರೆಗೆ ಮೇಲ್ಛಾವಣಿ ಹಗಲಿಡೀ ಕಾದು, ನಾವು ಕಚೇರಿಯಿಂದ ಬಂದು ಮೇಲೆ ಹತ್ತುವ ಹೊತ್ತಿಗೆ ಆ ಕಾವನ್ನು ಕೆಳಕ್ಕೆ ಬಿಡುತ್ತದೆ. ತಗಡಿನ ಶೀಟಾದರೆ ಹಗಲು ಕೂರುವ ಮಾತೇ ಇಲ್ಲ, ಮಳೆ ಬಂದರೆ ಸದ್ದಿಗೆ ಯಾವ ಸಂಗೀತವೂ ಕೇಳಿಸದು. ಹೊರಗಿನಿಂದ ಬಿಳಿ ಸುಣ್ಣ ಅಥವಾ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ, ಒಳಗೆ ಒಂದು ಗೇಣು ಗಾಳಿ ಬಿಟ್ಟು ಸುಳ್ಳು ಚಾವಣಿ, ಎದುರುಬದುರು ಕಿಟಕಿ ಈ ಮೂರೂ ಆದರೆ ತಡೆಯಬಹುದು. ಪಶ್ಚಿಮದ ಗೋಡೆಗೆ ಕಿಟಕಿ ಬೇಡ; ಆ ಗೋಡೆಗೆ ಕಪಾಟು ನಿಲ್ಲಿಸಿ.

ನನ್ನನ್ನು ಕೆಳಗಿಳಿಸಿದ್ದು ಬಿಸಿಲಲ್ಲ, ಮೆಟ್ಟಿಲು. ರೇಡಿಯೋದ ಜೊತೆಗೆ ಮರಗೆಲಸ ಹಿಡಿದ ಮೇಲೆ ಪ್ಲೈವುಡ್ ಬೇಕಾಯಿತು. ಎಂಟಡಿಗೆ ನಾಲ್ಕಡಿಯ 18 ಮಿಲಿಮೀಟರ್ ಹಾಳೆ ಮೂವತ್ತು ಕಿಲೋಗೂ ಹೆಚ್ಚು ತೂಗುತ್ತದೆ, ಮತ್ತು ನಮ್ಮ ಮನೆಯ ಮೆಟ್ಟಿಲಿನ ತಿರುವಿನಲ್ಲಿ ತಿರುಗುವುದೇ ಇಲ್ಲ. ಹೊರಗಿನಿಂದ ಹಗ್ಗ ಕಟ್ಟಿ ಎಳೆದೆವು. ಮಾಡಿ ಮುಗಿಸಿದ ಪುಸ್ತಕದ ಕಪಾಟನ್ನು ಇಳಿಸುವಾಗ ಹಗ್ಗ ಜಾರಿ ಅದರ ಒಂದು ಮೂಲೆ ಒಡೆಯಿತು. ನೀವು ಮಾಡುವ ಅತಿ ದೊಡ್ಡ ವಸ್ತು ಮೆಟ್ಟಿಲಲ್ಲಿ ಇಳಿಯುತ್ತದೆಯೇ ಎಂದು ಟೇಪು ಹಿಡಿದು ನೋಡಿಯೇ ತಾರಸಿ ಆರಿಸಿ. ಹೊಸದಾಗಿ ಕಟ್ಟಿಸುವುದಾದರೆ ನಕ್ಷೆ ಮಂಜೂರಾತಿ ಮತ್ತು ಎಂಜಿನಿಯರರ ಒಪ್ಪಿಗೆ ಪಡೆಯಿರಿ; ಕೆಳಗೆ ನಿಮ್ಮದೇ ಮಕ್ಕಳು ಮಲಗಿರುತ್ತಾರೆ.

ಕಾರು ಶೆಡ್ಡು

ಧೂಳು, ಸದ್ದು, ತೂಕ ಮೂರಕ್ಕೂ ಉತ್ತರವಿರುವ ಜಾಗ ಇದೊಂದೇ. ನೆಲ ಗಟ್ಟಿ, ಸಾಮಾನು ಸಾಗಿಸಲು ಗೇಟು ಹತ್ತಿರ, ಗುಡಿಸಿದರೆ ಹುಡಿ ಹೊರಕ್ಕೆ ಹೋಗುತ್ತದೆ. ಏಳು ವರ್ಷದಿಂದ ನಾನು ಇಲ್ಲೇ ಇದ್ದೇನೆ. ಗೋಡೆಗುಂಟ ಎರಡಡಿ ಅಗಲದ ಮೇಜು, ಅದರ ಮೇಲೆ ಹತ್ಯಾರದ ಹಲಗೆ, ಬದಿಯಲ್ಲಿ ಸ್ಕೂಟರ್. ಕಾರು ಇದ್ದವರು ಅದನ್ನು ರಾತ್ರಿ ಒಳಗೆ ತರಬೇಕಾದರೆ ಮೇಜನ್ನು ಗೋಡೆಗೆ ಮಡಚುವಂತೆ ಮಾಡಿಸಬೇಕಾಗುತ್ತದೆ. ಆಗ ನಮ್ಮ ಮೊದಲ ಷರತ್ತು ಮುರಿಯಿತು. ಕಾರು ಬೀದಿಯಲ್ಲಿ ನಿಲ್ಲುವುದನ್ನು ಮನೆಯವರೆಲ್ಲ ಒಪ್ಪಿದರೆ ಮಾತ್ರ ಇದು ನಿಮ್ಮ ಜಾಗ.

ಏಕಾಂತ ಇಲ್ಲಿ ಕಡಿಮೆ. ಬೀದಿಯಲ್ಲಿ ಹೋಗುವವರು ನಿಂತು ಮಾತಾಡಿಸುತ್ತಾರೆ. ಒಬ್ಬರು ಮುರಿದ ಕುರ್ಚಿ ತಂದರು, ಇನ್ನೊಬ್ಬರ ಮೊಮ್ಮಗ ಬುಗುರಿ ಮಾಡಿಕೊಡಿ ಎಂದ. ಜಗಲಿ ಹೀಗೇ ಇತ್ತಲ್ಲವೇ ಎಂದು ನನಗೆ ಸಂತೋಷವೇ ಆಯಿತು. ಒಂಟಿಯಾಗಿರಬೇಕೆಂದು ಹೊರಟವರಿಗೆ ಇದು ಹಿಡಿಸದೇ ಇರಬಹುದು.

ಬೆಂಕಿಯ ವಿಷಯದಲ್ಲಿ ಇಲ್ಲಿ ಎಚ್ಚರ ಹೆಚ್ಚು ಬೇಕು. ವಾಹನದ ಪೆಟ್ರೋಲ್ ಆವಿ, ಪಾಲಿಶಿನ ತಿನ್ನರ್, ಒಣ ಹುಡಿ, ಬೆಸುಗೆಯ ಕಾವು ಒಂದೇ ಕಡೆ ಸೇರಬಾರದು. ಬೆಸುಗೆಯನ್ನು ನಾನು ಮನೆಯೊಳಗಿನ ಬೀರುವಿನಲ್ಲೇ ಉಳಿಸಿಕೊಂಡಿದ್ದೇನೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಅದನ್ನು ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಊರಿನ ಕೊಟ್ಟಿಗೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಹಸುಗಳಿಲ್ಲದ ಕೊಟ್ಟಿಗೆ ಬಹುಕಾಲ ಖಾಲಿ ಇತ್ತು. ಅಣ್ಣ ಅದನ್ನು ತನ್ನ ಮರಗೆತ್ತನೆಗೆ ಮಾಡಿಕೊಳ್ಳುತ್ತೇನೆ ಎಂದಾಗ ನಾನೂ ಹದಿನೈದು ದಿನ ಹೋಗಿದ್ದೆ. ಮಲೆನಾಡಿನಲ್ಲಿ ಈಗ ಇಂಥ ಕೊಟ್ಟಿಗೆಗಳು ಬಹಳ. ಗಂಜಲ ಹರಿಯುವ ಕಾಲುವೆಯನ್ನು ಮುಚ್ಚಿ ನೆಲ ಸಮ ಮಾಡುವುದು ಮೊದಲ ಕೆಲಸ. ಗೋಡೆ ಅಷ್ಟು ಸುಲಭವಲ್ಲ. ವರ್ಷಗಟ್ಟಲೆ ಗಂಜಲ ಕುಡಿದ ಗೋಡೆಯಲ್ಲಿ ಉಪ್ಪು ಕೂತಿರುತ್ತದೆ. ಸಿಮೆಂಟು ಬಳಿದರೆ ಬಿಳಿಯಾಗಿ ಉಬ್ಬಿ ಉದುರುತ್ತದೆ. ಅಣ್ಣ ಸೊಂಟದೆತ್ತರದವರೆಗೆ ಹಳೆಯ ಗಾರೆ ಕೆರೆದು, ಒಂದು ಬೇಸಿಗೆ ಒಣಗಲು ಬಿಟ್ಟು, ಸುಣ್ಣದ ಗಾರೆ ಬಳಿಸಿದ. ಅದು ನಿಂತಿದೆ. ಹೆಂಚಿನ ನಡುವೆ ನಾಲ್ಕು ಗಾಜಿನ ಹೆಂಚು ಕೂರಿಸಿದ್ದರಿಂದ ಹಗಲು ದೀಪವೇ ಬೇಡ.

ಮಳೆಗಾಲದ ನಾಲ್ಕು ತಿಂಗಳು ಮಾತ್ರ ಅಲ್ಲಿ ತೇವದ ಜೊತೆ ಬಾಳಬೇಕು. ಕಬ್ಬಿಣದ ಹತ್ಯಾರಕ್ಕೆ ಮೆಷಿನ್ ಎಣ್ಣೆ ಸವರಿ ಬಟ್ಟೆ ಸುತ್ತಿಡಬೇಕು. ಮೇಜಿನ ಕಾಲಿಗೆ ಕಲ್ಲು ಕೊಟ್ಟು ಗೆದ್ದಲನ್ನು ದೂರವಿಡಬೇಕು. ಕ್ಯಾಮೆರಾ, ಪುಸ್ತಕ, ರೇಡಿಯೋಗಳನ್ನು ಅಲ್ಲಿಡುವುದು ಬೇಡ. ಲೆನ್ಸಿನ ಒಳಗೆ ಒಮ್ಮೆ ಬೂಷ್ಟು ಬಂದರೆ ಅದರ ಕಲೆ ಹೋಗುವುದು ಕಷ್ಟ. ಹೆಂಚಿನ ಮನೆಯ ಅಟ್ಟಕ್ಕೂ ಇದೇ ತೊಂದರೆ, ಜೊತೆಗೆ ಅಲ್ಲಿ ತಲೆ ಎತ್ತಿ ನಿಲ್ಲಲಾಗುವುದಿಲ್ಲ. ಅಟ್ಟ ಸಾಮಾನಿಗೇ ಇರಲಿ.

ವಿದ್ಯುತ್ತು, ಮತ್ತು ಮನೆಯವರು

ಎಲ್ಲಿ ಕೂತರೂ ವೈರಿಂಗ್ ಮೊದಲು ನೋಡಿಸಿ. 6 ಆಂಪಿಯರ್ ಸಾಕೆಟ್ಟಿಗೆ ಸುಮಾರು 1,380 ವ್ಯಾಟ್ ಮಿತಿ. ಬೆಸುಗೆ ಕಡ್ಡಿಗೆ 25 ವ್ಯಾಟ್ ಸಾಕು, ಆದರೆ ದೊಡ್ಡ ಗರಗಸದ ಯಂತ್ರಕ್ಕೆ 16 ಆಂಪಿಯರ್ ಸಾಕೆಟ್ ಮತ್ತು ಅದಕ್ಕೆ ತಕ್ಕ ದಪ್ಪನೆಯ ತಂತಿ ಮೀಟರ್ ಬೋರ್ಡಿನಿಂದಲೇ ಬರಬೇಕು. ಶೆಡ್ಡು, ಕೊಟ್ಟಿಗೆ, ತಾರಸಿ ಇಂಥ ಒದ್ದೆ ನೆಲದ ಜಾಗಗಳಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ತು ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಇಲ್ಲದೆ ಕೆಲಸ ಶುರು ಮಾಡಬಾರದು. ಹಣ ಉಳಿಸುವುದಾದರೆ ಬೇರೆ ಎಲ್ಲಾದರೂ ಉಳಿಸಿ.

ಇನ್ನೊಂದು ಮಾತನ್ನು ಗಂಡಸರು ತಾವಾಗಿ ಎತ್ತಬೇಕು. ನಮಗೊಂದು ಜಾಗ ಕೇಳುವ ಮುಂಚೆ, ಹೆಂಡತಿಗೆ ಅಂಥದ್ದು ಇದೆಯೇ ಎಂದು ನೋಡಬೇಕು. ಅಡುಗೆಮನೆ ಅವಳು ದುಡಿಯುವ ಜಾಗ. ಅದನ್ನು ಅವಳ ಪಾಲೆಂದು ಲೆಕ್ಕಕ್ಕೆ ಹಿಡಿಯುವುದು ಅನ್ಯಾಯ. ನಾನು ಶೆಡ್ಡಿಗೆ ಇಳಿದ ವರ್ಷವೇ ತಾರಸಿಯ ಕೋಣೆ ನಮ್ಮವಳ ವೀಣೆಗೆ ಹೋಯಿತು. ಅವಳಿಗೆ ಪ್ಲೈವುಡ್ ಹತ್ತಿಸಬೇಕಿಲ್ಲ, ಬಿಸಿಲು ಇಳಿದ ಮೇಲೆಯೇ ಅವಳು ನುಡಿಸಲು ಕೂರುವುದು. ಒಂದೇ ಕೋಣೆ ನನಗೆ ಒಗ್ಗದೆ ಅವಳಿಗೆ ಒಗ್ಗಿತು.

ನನ್ನನ್ನು ಕೇಳಿದರೆ ಹೀಗೆ ಹಂಚುತ್ತೇನೆ: ರೇಡಿಯೋ, ಗಡಿಯಾರ, ಅಂಚೆಚೀಟಿ, ಗೊಂಬೆಗಳಿಗೆ ಬಣ್ಣ ಹಚ್ಚುವಂಥ ಸಣ್ಣ ಕೈಕೆಲಸಕ್ಕೆ ಬೀರು. ವಾದ್ಯಕ್ಕೆ ಗಟ್ಟಿ ಬಾಗಿಲಿನ ಒಳಕೋಣೆ. ಅದಿಲ್ಲದಿದ್ದರೆ, ನೆರೆಯವರು ದೂರವಿದ್ದರೆ, ತಾರಸಿ. ಮರಕ್ಕೆ, ಸೈಕಲ್ಲಿಗೆ, ಬೈಕಿಗೆ ಶೆಡ್ಡು. ಊರಿಗೆ ಹಿಂತಿರುಗುವ ಯೋಚನೆ ಇದ್ದವರಿಗೆ ಕೊಟ್ಟಿಗೆ. ಎರಡು ಜಾಗಗಳ ನಡುವೆ ಮನಸ್ಸು ತೂಗುತ್ತಿದ್ದರೆ ನೆಲಕ್ಕಿರುವುದನ್ನು ಆರಿಸಿ, ಏಕೆಂದರೆ ಅರವತ್ತರ ನಂತರವೂ ಅಲ್ಲಿಗೆ ಹೋಗಬೇಕಲ್ಲ.

ಖರ್ಚು ಮಾಡುವ ಮುಂಚೆ ಆರಿಸಿದ ಜಾಗದಲ್ಲಿ ನೆಲಕ್ಕೆ ಸೀಮೆಸುಣ್ಣದಲ್ಲಿ ಮೇಜಿನ ಗಡಿ ಎಳೆದು, ಹಳೆಯ ಬಾಗಿಲೊಂದನ್ನು ಎರಡು ಸ್ಟೂಲಿನ ಮೇಲೆ ಹಾಕಿಕೊಂಡು ಎರಡು ವಾರ ಕೆಲಸ ಮಾಡಿ ನೋಡಿ. ಯಾರು ಎಷ್ಟು ಸಲ ಆ ಗೆರೆ ದಾಟಿ ಓಡಾಡುತ್ತಾರೆ, ಸಂಜೆ ಯಾವ ಹೊತ್ತಿಗೆ ಬೆಳಕು ಹೋಗುತ್ತದೆ, ಕಾವು ಎಲ್ಲಿಂದ ಬರುತ್ತದೆ ಎಲ್ಲ ಆಗ ತಿಳಿಯುತ್ತದೆ. ನಂತರ ಮೇಜು ಮಾಡಿಸಿ. ಕೂತು ಮಾಡುವ ಸಣ್ಣ ಕೆಲಸಕ್ಕೆ 29–30 ಇಂಚು ಎತ್ತರ ಸಾಕು. ನಿಂತು ಕೀಸುಳಿ ಹೊಡೆಯುವವರು ತೋಳನ್ನು ಸುಮ್ಮನೆ ಇಳಿಬಿಟ್ಟು, ನೆಲದಿಂದ ಮಣಿಕಟ್ಟಿನವರೆಗೆ ಅಳೆಯಲಿ. ಆ ಅಳತೆಯನ್ನು ಬಡಗಿಗೆ ಹೇಳುವಾಗ ದಿನವೂ ಹಾಕುವ ಚಪ್ಪಲಿ ಕಾಲಲ್ಲಿರಲಿ.